ಹೊಂದಿಕೊಂಡ ಮಕ್ಕಳು

ಇಳಕಲ್ಲಿನ ಒಂದು ಕೈಮಗ್ಗದ ಮನೆಯ ಮಾತುಕತೆ ಇದು. ತಾಯಿ ಕಂಡಿಕೆ ಸುತ್ತುವವಳು. ಮಗಳು ಬಾಗಲಕೋಟೆಯಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದಾಳೆ. 2020ರ ಮಾರ್ಚ್‌ನಲ್ಲಿ ಮಗಳು ಒಂಬತ್ತನೇ ಇಯತ್ತೆಯಲ್ಲಿದ್ದಳು, ಅವಳ ತಮ್ಮ ಒಂದನೇ ಇಯತ್ತೆಯಲ್ಲಿ.

ತಾಯಿ: ಯಾರು ಕೇಳಿದ್ರೂ ನಾ ಒಂದ ಮಾತು ಹೇಳತೇನಿ. ಲಾಕ್‌ಡೌನ್‌ದಾಗ ನನ್ನ ಮಕ್ಕಳು ನನಗ ತ್ರಾಸ ಕೊಡಲಿಲ್ಲ. ಹಾಕಿದ್ದು ಉಂಡ್ರು, ಹೇಳಿದ ಕೆಲಸ ಮಾಡಿದ್ರು, ಹೊರಗ ಹೋಗಬ್ಯಾಡ್ರಿ ಅಂದ್ರ ಹೊಸ್ತಲಾ ದಾಟಲಿಲ್ಲ. ಹೊಂದಿಕೊಂಡು ಹೋದ್ರು.

ಮಗಳು: ನಾ ಹೊಂದಿಕೊಂಡಿದ್ದು ಬ್ಯಾರೆ, ತಮ್ಮ ಹೊಂದಿಕೊಂಡಿದ್ದು ಬ್ಯಾರೆ ಅವ್ವಾ. ನನಗ ಆಗಲೇ ಓದು ಬರಹ ಕೈಗೆ ಹತ್ತಿತ್ತು. ಸಾಲಿ ಮುಚ್ಚಿದ್ರೂ ಪುಸ್ತಕ ತಗದ್ರ ನನಗ ತಿಳೀತಿತ್ತು. ಅವಂದು ಹಂಗಲ್ಲ. ಮೊನ್ನೆ ತರಬೇತಿಗಂತ ಬಾದಾಮಿ ತಾಲೂಕಿನ ಒಂದು ಸಾಲಿಗೆ ಹೋಗಿದ್ನೆಲ್ಲ, ಅಲ್ಲಿ ಅವನ ವಾರಗಿ ಮಕ್ಕಳಿಗೆ ಒಂದು ಪಾಠ ಗಟ್ಟಿಯಾಗಿ ಓದಾಕ ಹೇಳಿದೆ. ಗದ್ದಲ ಮಾಡೋ ಹುಡುಗರು ತಡವರಿಸಿದ್ರೂ ಓದಿದ್ರು, ತಪ್ಪಾದ್ರ ನಕ್ಕು ಮತ್ತ ಓದಿದ್ರು. ಕೈ ಕಟಗೊಂಡು ಸುಮ್ಮನ ಕುಂತಿದ್ರಲ್ಲ, ಮಾಸ್ತರರೆಲ್ಲ ಶಾಣ್ಯಾ ಅಂತ ಹೊಗಳತಿದ್ರಲ್ಲ, ಆ ಮಕ್ಕಳ ದನಿ ಒತ್ತಕ್ಷರ ಬಂದ ಕೂಡಲೇ ನಿಂತಬಿಡತಿತ್ತು. ಅವತ್ತು ನನಗ ನಮ್ಮ ಮನಿ ಹುಡುಗ ನೆನಪಾದ.

ತಾಯಿ: ಅವ ಮೊದಲಿಂದ ಮಾತು ಕಮ್ಮಿ.

ಮಗಳು: ಮೊದಲಿಂದ ಅಲ್ಲ. 2020ರ ಮಾರ್ಚ್‌ಗಿಂತ ಮೊದಲು ಅವನ ಬಾಯಿ ಮುಚ್ಚಿಸಾಕ ಆಗತಿರಲಿಲ್ಲ. ಒಂದು ವಾರ ಸೂಟಿ ಅಂದ ದಿನ ಪಾಟಿ ಚೀಲಾ ಒಗದು ಓಣ್ಯಾಗ ಕುಣದಾಡಿದ್ದು ನೆನಪೈತೇನು? ಆಮ್ಯಾಲ 22ನೇ ತಾರೀಖು ಸಂಜೀ ಮುಂದ ತಾಟು ಬಡಿಯೋದು, 24ರ ರಾತ್ರಿ ದೇಶಕ್ಕ ದೇಶಾನೇ ಬಂದ್ ಅಂತ ಸುದ್ದಿ. 21 ದಿನ ಅಂದದ್ದು ಮೇ ಮುಗಿಯೋ ತನಕ ಎಳೀತು.

ತಾಯಿ: ನನಗ ಆಗ ಹೆದರಿಕಿ ರೋಗದ್ದಲ್ಲ, ಮಗ್ಗದ್ದು. ಲಗ್ನದ ಸುಗ್ಗಿ ಅದು. ಯುಗಾದಿಯಿಂದ ಮುಂದ ಎರಡು ತಿಂಗಳು ಸೀರಿ ಹೋಗೋ ಹೊತ್ತು. ನೂಲು ಬರೋದು ನಿಂತ್ತು, ಬಣ್ಣ ನಿಂತ್ತು, ಸಾವ್ಕಾರ ನೇಯ್ದ ಸೀರಿ ಒಯ್ಯಾಕ ಒಲ್ಲೆ ಅಂದ. ಮಹಾರಾಷ್ಟ್ರದ ಬಾಜಾರ ಬಂದ್ ಆದ್ರ ಇಳಕಲ್ಲ ಸೀರಿ ಉಡೋರು ಯಾರು? ನಿಮ್ಮಪ್ಪ ಮುಂಜಾನೆದ್ದು ಮುಖಾ ತೊಳಕೊಂಡು ಕುಣಿ ಮಗ್ಗದಾಗ ಕಾಲು ಇಳಿಬಿಟ್ಟು ಕುಂತಬಿಡತಿದ್ದ. ನೇಯಾಕ ಏನೂ ಇಲ್ಲ. ಆದ್ರೂ ಕುಂದರತಿದ್ದ. ಇವ ಬಾಜೂಕ ಹೋಗಿ, ಅಪ್ಪಾ ಸಪ್ಪಳ ಯಾಕ ಬರವಲ್ದು ಅಂತ ಕೇಳತಿದ್ದ. ಹುಟ್ಟಿದಾಗಿಂದ ಆ ಸಪ್ಪಳದಾಗ ಮಲಗಿದ ಕೂಸು.

ಮಗಳು: ಅಪ್ಪ ಏನಂದ?

ತಾಯಿ: ಏನೂ ಅನ್ನಲಿಲ್ಲ. ತೊಡೀ ಮ್ಯಾಲ ಕುಂದರಿಸಿಕೊಂಡು ಖಾಲಿ ಲಾಳಿ ಕೈಯಾಗ ಕೊಟ್ಟ. ಮೇ ತಿಂಗಳದಾಗ ಸರಕಾರದವರು ರಾಜ್ಯದಾಗ 54,000 ಕೈಮಗ್ಗದವರಿಗೆ ತಲಾ 2,000 ರೂಪಾಯಿ ಅಂದ್ರು. ಬಂದ ರೊಕ್ಕ ಅಂಗಡಿ ಉದ್ರಿಗೇ ಸಾಲಲಿಲ್ಲ. ರೇಷನ್ ಅಕ್ಕಿ ಬಂತು, ಜನಧನ ಖಾತೇಕ ತಿಂಗಳಿಗೆ 500ರಂತೆ ಮೂರು ತಿಂಗಳು ಬಂತು. ಅದರಾಗ ದಾಟಿದ್ವಿ. ಜೂನಿನ್ಯಾಗ ನೂಲು ಬಂದಾಗ ನಿಮ್ಮಪ್ಪ ಅಳೋದೊಂದು ಬಾಕಿ.

ಮಗಳು: ಆಗ ತಮ್ಮನೂ ಮಗ್ಗದ ಕೆಲಸಕ್ಕ ಬಂದ.

ತಾಯಿ: ಬಂದ ಅಂದ್ರ, ಸಾಲಿ ಇಲ್ಲ, ಹೊರಗ ಬಿಡಂಗಿಲ್ಲ, ಕೈ ಖಾಲಿ. ರಾಟಿ ತಿರಗಸಾಕ ಕುಂತ. ಕೂಸಿನ ಕೈ ಅಂತ ನಾ ಮೊದಲು ಹೆದರಿದೆ. ಎಳಿ ಹರದ್ರ ಎರಡು ತುದಿ ಹಿಡದು, ಉಗರಿಲೆ ಹೊಸದು, ಗಂಟು ಕಾಣದಂಗ ಹಾಕೋದು ದೊಡ್ಡವರಿಗೇ ತಿಂಗಳುಗಟ್ಟಲೆ ಬೇಕು. ಅವ ದೀಪಾವಳಿ ಬರೋದರೊಳಗ ಕಲತ. ಕೊಂಡಿ ಹಾಕೋ ಮುಂದ ಎಳಿ ಎಣಸಾಕೂ ಕುಂದರತಿದ್ದ. ನಮ್ಮ ಸೀರೀದು ಅದ ಅಲ್ಲೇನು ದೊಡ್ಡ ಕೆಲಸ. ಮೈಹಾಸು ಬ್ಯಾರೆ, ಸೆರಗಿನ ಕೆಂಪು ರೇಷ್ಮಿ ಹಾಸು ಬ್ಯಾರೆ. ಒಂದೊಂದು ಸೀರಿಗೂ ಮೈ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಜೋಡಸಬೇಕು, ಸಾವಿರಾರು ಎಳಿ. ಆಮ್ಯಾಲ ಸೆರಗಿನ್ಯಾಗ ಟೋಪ ತೆನಿ ಚಿತ್ತಾರ ಏಳೋದು. ಅವ ಎರಡೆರಡು ಎಳಿ ಹಿಡದು ನೂರು ದಾಟಿ ಎಣಸತಿದ್ದ. ಲೆಕ್ಕ ಅಲ್ಲೇ ಕಲತ. ಸಾಲ್ಯಾಗ ಕಲಿಯೋದನ್ನ ಮನ್ಯಾಗ ಕಲತ ಅಂತ ನಾ ಎಲ್ಲಾರ ಮುಂದ ಹೇಳೇನಿ, ಈಗೂ ಹೇಳತೇನಿ. ನನಗ ಅದು ಹೆಮ್ಮಿ.

ಮಗಳು: ಆ ಹೆಮ್ಮಿ ನಂದೂ ಹೌದು. ಅವನ ಲೆಕ್ಕ ಇವತ್ತಿಗೂ ಗಟ್ಟಿ. ನಾ ಕೇಳೋದು ಅಕ್ಷರದ್ದು. ನೀ ಅವನ್ನ ಬರಿಸಾಕ ಕುಂದರಿಸಿದ್ದಿ, ಒಂದು ವಾರದಾಗ ಬಿಟ್ಟಿ. ಯಾಕ?

ತಾಯಿ: ನಾ ಐದನೇತ್ತ ತನಕ ಕಲತಾಕಿ. ಅ ಆ ಇ ಈ ಬರದು ಕೊಟ್ಟೆ. ಅವ ಪಾಟಿ ದೂಡಿ, ಹಂಗಲ್ಲವ್ವಾ, ಮೊದಲು ರ ಬರತೈತಿ, ಅ ಆಮ್ಯಾಲ ಅಂದ. ಅಕ್ಷರಮಾಲಿ ಯಾರರ ರ ದಿಂದ ಚಾಲೂ ಮಾಡತಾರೇನು? ನಾ ಬೈದೆ. ಅವ ಅತ್ತ. ನಿಮ್ಮ ಸಾಲ್ಯಾಗ ಏನು ಕಲಸ್ಯಾರೋ ಏನೋ, ಸಾಲಿ ತೆರದ ಮ್ಯಾಲ ಅವರ ಕಲಸಲಿ ಅಂತ ಬಿಟ್ಟೆ.

ಮಗಳು: ಅವ ಹೇಳಿದ್ದು ಖರೇನ ಇತ್ತು. ಆಗ ಸರಕಾರಿ ಸಾಲ್ಯಾಗ ಒಂದರಿಂದ ಮೂರನೇ ಇಯತ್ತೆ ತನಕ ನಲಿ-ಕಲಿ ಇತ್ತು. ಅದರಾಗ ರ ಗ ಸ ದ ಅ ಮೊದಲು. ಅಷ್ಟ ಐದು ಅಕ್ಷರ ಬಂದ್ರ ಮಗು ಸರ ಓದತೈತಿ, ಅರಸ ಓದತೈತಿ, ಅಗಸ, ಗರಗಸ ಓದತೈತಿ. ಅಕ್ಷರಮಾಲಿ ಪೂರಾ ಬಾಯಿಪಾಠ ಆಗೋತನಕ ಕಾಯೋದು ಬ್ಯಾಡ, ಮೊದಲ ತಿಂಗಳಿಗೇ ಮಗು ಓದಿದ ಖುಷಿ ಕಾಣಲಿ ಅಂತ ಹಂಗ ಮಾಡ್ಯಾರ. ಬಾಳ ಚಲೋ ಪದ್ಧತಿ. ಆದ್ರ ಅದು ಕಾರ್ಡಿನ ಮ್ಯಾಲ ನಡಿಯೋದು. ಗ್ವಾಡಿ ಮ್ಯಾಲ ಏಣಿ ಚಿತ್ರ, ಆ ಏಣೀಲಿ ತನ್ನ ಮೆಟ್ಟಲಾ ನೋಡಿ ಮಗು ತನ್ನ ಕಾರ್ಡು ತಾನ ತಗೋಬೇಕು, ಬಾಜೂಕ ಕುಂತ ದೊಡ್ಡ ಹುಡುಗ ಸಣ್ಣವಂಗ ಹೇಳಿಕೊಡಬೇಕು. ಕಾರ್ಡೆಲ್ಲ ಸಾಲ್ಯಾಗ ಉಳದ್ವು. ಬಾಜೂಕ ಕುಂದರೋ ಹುಡುಗ ಅವರ ಮನ್ಯಾಗ ಉಳದ. ಮನ್ಯಾಗ ಕುಂತು ಪುಸ್ತಕ ತೆರದು ಹೇಳಿಕೊಡಬೇಕಂದ್ರ ನಿನ್ನ ಕೈಯಾಗ ಏನಿತ್ತು? ಇದು ನಿನ್ನ ತಪ್ಪಲ್ಲ. ಗುಣಿತಾಕ್ಷರ ಅರ್ಧಕ್ಕ ನಿಂತಿತ್ತು, ಒತ್ತಕ್ಷರಕ್ಕ ಅವ ಇನ್ನ ಬಂದೇ ಇರಲಿಲ್ಲ. ಅಲ್ಲಿಗೆ ಬಾಗಲಾ ಹಾಕಿದ್ರು.

ತಾಯಿ: ಫೋನಿನ್ಯಾಗ ಪಾಠ ಬರತಿತ್ತಲ್ಲ.

ಮಗಳು: ಯಾರ ಫೋನು? ಇದ್ದದ್ದು ಅಪ್ಪಂದೊಂದು. ಏಪ್ರಿಲ್‌ದಾಗ ಇಲಾಖೆಯವರು ಮಕ್ಕಳ ವಾಣಿ ಅಂತ ಯೂಟ್ಯೂಬ್ ಚಾನೆಲ್ ತೆರದ್ರು. ಹಾಡು, ಕಥಿ, ಚಿತ್ರ, ಎಲ್ಲಾ ಚಲೋ ಇತ್ತು. ನೋಡಾಕ ರೀಚಾರ್ಜ್ ಬೇಕು. ಜುಲೈ 20ಕ್ಕ ಚಂದನದಾಗ ಸಂವೇದ ಪಾಠ ಚಾಲೂ ಆದ್ವು, ಅವು ಮೊದಲು ಎಂಟು, ಒಂಬತ್ತು, ಹತ್ತಕ್ಕ. ನಾ ಹತ್ತನೇತ್ತ, ಹಂಗಾಗಿ ಟೀವಿ ಮುಂದ ನನ್ನ ಜಾಗಾ ಗಟ್ಟಿ. ತಮ್ಮ ನನ್ನ ಬೆನ್ನ ಹಿಂದ ಕುಂತು ಹತ್ತನೇತ್ತ ಗಣಿತ ನೋಡತಿದ್ದ. ಅವಂಗ ಏನು ತಿಳೀತೈತಿ?

ತಾಯಿ: ಹುನಗುಂದಕ್ಕ ಕಳಿಸಿದ್ನೆಲ್ಲ, ನಿಮ್ಮತ್ತಿ ಮನೀಗೆ.

ಮಗಳು: ಕಳಿಸಿದ್ದಿ, ಅದೊಂದು ಬಾಳ ಶಾಣ್ಯಾ ಕೆಲಸ ಮಾಡಿದ್ದಿ. ಆಗಸ್ಟ್‌ದಾಗ ವಿದ್ಯಾಗಮ ಅಂತ ಮಾಡಿದ್ರಲ್ಲ, ಮಾಸ್ತರರ ಓಣಿಗೆ ಬಂದು ಗುಡಿ ಕಟ್ಟಿ ಮ್ಯಾಲ, ಬೇವಿನ ಗಿಡದ ಕೆಳಗ ಹತ್ತಿಪ್ಪತ್ತು ಮಕ್ಕಳನ್ನ ದೂರ ದೂರ ಕುಂದರಿಸಿ ಕಲಸೋದು. ಅತ್ತಿ ಹೇಳತಿದ್ಲು, ಇವ ಮುಂಜಾನೆ ಏಳರಾಗ ಹೋಗಿ ಕಟ್ಟಿ ಕಸಾ ಹೊಡದು ಕುಂದರತಿದ್ದ ಅಂತ. ಆ ದಿನಗಳಾಗ ಅವ ಮತ್ತ ಮಾತಾಡಾಕ ಹತ್ತಿದ್ದ. ಅಕ್ಟೋಬರಿನ್ಯಾಗ ಮಾಸ್ತರರಿಗೆ, ಮಕ್ಕಳಿಗೆ ಸೋಂಕು ಬಂತಂತ ಅದನ್ನೂ ನಿಲ್ಲಿಸಿದ್ರು. ಅವ ಬಸ್ಸಿನ್ಯಾಗ ಅಪ್ಪನ ಜೋಡಿ ತಿರಗಿ ಬಂದು, ಏನೂ ಕೇಳದ, ಸೀದಾ ರಾಟಿ ಮುಂದ ಕುಂತ. ನೀವೆಲ್ಲ ಹೊಂದಿಕೊಂಡ ಅಂದ್ರಿ.

ತಾಯಿ: ಮತ್ತೇನು ಅನ್ನಬೇಕಿತ್ತು? ಬದುಕಿ ಉಳದದ್ದೇ ದೊಡ್ಡದು ಆ ಹೊತ್ತಿನ್ಯಾಗ. ನನ್ನ ತವರಿನ ಮಂದೀ ನೆನಸು. ಅದಕ್ಕಿಂತ ಮೊದಲಿನ ಆಗಸ್ಟ್‌ದಾಗ, 2019ರಾಗ, ಮಲಪ್ರಭಾ ಹೊಳಿ ಬಂದು ಮನಿ ಒಳಗ ಎದಿಮಟ ನೀರು. ಪಟ್ಟದಕಲ್ಲ ಗುಡಿಗೇ ನೀರು ಹೊಕ್ಕ ವರ್ಷ ಅದು. ಶೆಡ್ಡಿನ್ಯಾಗ ಇದ್ದು ಇನ್ನ ಗ್ವಾಡಿ ಏರಸಿರಲಿಲ್ಲ, ಲಾಕ್‌ಡೌನ್ ಬಂತು. ನಿಮ್ಮ ಮಾವ ಮಂಗಳೂರಾಗ ಸೆಂಟ್ರಿಂಗ್ ಕೆಲಸ ಬಿಟ್ಟು ಹೆಂಡತಿ ಮಕ್ಕಳನ್ನ ಕಟಗೊಂಡು ಬಂದ್ರ ಊರವರು ಒಳಗ ಬಿಡಲಿಲ್ಲ. ಹದಿನಾಲ್ಕು ದಿನ ಹೊಲದ ಗುಡಿಸಲಾಗ ಇಟ್ರು. ಬಾಗಲಕೋಟ್ಯಾಗ ಏಪ್ರಿಲ್ ಮೊದಲ ವಾರದಾಗನ ಒಬ್ಬರು ತೀರಿಕೊಂಡಿದ್ರು, ಮೇ ತಿಂಗಳದಾಗ ನಮ್ಮ ಬಾದಾಮಿ ತಾಲೂಕಿನ ಢಾಣಕಶಿರೂರಾಗ ಒಬ್ಬರ ಹಿಂದ ಒಬ್ಬರಿಗೆ ಬಂದು ಊರ ಸೀಲ್ ಮಾಡಿದ್ರು. ಮಂದಿ ಹೆದರಿದ್ರಾಗ ಸುಳ್ಳೇನೈತಿ? ನೀರಾಗ ಒಂದು ವರ್ಷ, ರೋಗದಾಗ ಒಂದೂವರಿ ವರ್ಷ, ಆ ಮಕ್ಕಳು ಎಲ್ಲಿ ಕಲಿತಾವು?

ಮಗಳು: ಅದ ನನ್ನ ಮಾತೂ. ನೀ ಅದನ್ನ ಆ ಮಕ್ಕಳ ದೈವ ಅಂತೀ. ನಾ ಅದನ್ನ ಲೆಕ್ಕಕ್ಕ ಹಿಡೀರಿ ಅಂತೇನಿ.

ತಾಯಿ: ಒಂದು ಚಲೋ ಆತು ಅದರಾಗ. ಮಾರ್ಚ್ 25ರಿಂದ ಸೆರೆ ಅಂಗಡಿ ಮುಚ್ಚಿದ್ರಲ್ಲ. ನಿಮ್ಮಪ್ಪ ಕುಡಿಯಾವ ಅಲ್ಲ, ಆದ್ರ ನಮ್ಮ ಓಣ್ಯಾಗ ಸಂಜೀ ಆದ್ರ ಎಷ್ಟು ಮನ್ಯಾಗ ಕೂಸುಗಳು ಮೂಲಿ ಹಿಡದು ಕುಂದರತಿದ್ವು. ನಮ್ಮ ಮಠದ ಮಹಾಂತ ಅಪ್ಪಗೋಳು ಹಳ್ಳಿ ಹಳ್ಳಿ ತಿರಗಿ ಜೋಳಿಗಿ ಒಡ್ಡಿ, ನಿಮ್ಮ ಚಟಾ ನನ್ನ ಜೋಳಿಗ್ಯಾಗ ಹಾಕ್ರಿ ಅಂತ ಬೇಡಿದ್ರು. ಜೀವಮಾನ ಅದಕ್ಕ ಇಟ್ರು. ಅವರು 2018ರಾಗ ಲಿಂಗೈಕ್ಯ ಆದ್ರು. ಎರಡು ವರ್ಷದ ಮ್ಯಾಲ ಆ ನಲವತ್ತು ದಿನ ಇಡೀ ಓಣಿ ಜೋಳಿಗಿಗೆ ಹಾಕಿದಂಗ ಇತ್ತು. ಅಪ್ಪಂದಿರು ಮಕ್ಕಳ ಜೋಡಿ ಚೌಕಾಬಾರಾ ಆಡಿದ್ರು. ನಾ ಕಣ್ಣಾರೆ ನೋಡೇನಿ.

ಮಗಳು: ಮೇ 4ಕ್ಕ ತೆರದ್ರು. ಅವತ್ತು ಪಾಳಿ ಎಷ್ಟುದ್ದ ಇತ್ತು ಅನ್ನೋದನ್ನೂ ಕಣ್ಣಾರೆ ನೋಡೀದಿ.

ತಾಯಿ: ನೋಡೇನಿ.

ಮಗಳು: ಹಂಗಾರ ತಾರೀಖು ಒಂದರ ಹಿಂದ ಒಂದು ಇಡತೇನಿ, ಕೇಳು. ಸೆರೆ ಅಂಗಡಿ 2020ರ ಮೇ 4. ಬಸ್ಸು ಮೇ 19. ಗುಡಿ, ಹೊಟೇಲು, ಮಾಲು ಜೂನ್ 8. ಬಾದಾಮಿ ಗುಹೆ, ಐಹೊಳಿ, ಪಟ್ಟದಕಲ್ಲ ನೋಡಾಕ ಜುಲೈ 6. ಸಿನಿಮಾ ಟಾಕೀಸು ಅಕ್ಟೋಬರ್. ಹತ್ತನೇತ್ತ, ಎರಡನೇ ಪಿಯುಸಿ 2021ರ ಜನವರಿ 1. ಒಂದರಿಂದ ಐದನೇ ಇಯತ್ತೆ ಯಾವಾಗ ಗೊತ್ತೇನು? 2021ರ ಅಕ್ಟೋಬರ್ 25. ಒಂದರಿಂದ ಹತ್ತರೊಳಗ ಎಲ್ಲಾರಿಗಿಂತ ಕಡೀಗೆ. ಬಾದಾಮಿಯ ಮೂರನೇ ಗುಹೆಯೊಳಗ 578ರಾಗ ಮಂಗಳೇಶ ಕೆತ್ತಿಸಿದ ಶಾಸನ ಓದಾಕ ಪ್ರವಾಸಿ ಮಂದಿಗೆ ಬಾಗಲಾ ತೆರದು ಒಂದು ವರ್ಷ ಮೂರು ತಿಂಗಳಾದ ಮ್ಯಾಲ, ಅದ ಊರಿನ ಕೂಸಿಗೆ ರ ಗ ಸ ದ ಓದಾಕ ಬಾಗಲಾ ತೆರದ್ರು.

ತಾಯಿ: ಸಣ್ಣ ಮಕ್ಕಳು, ಮಾಸ್ಕು ಹಾಕಂಗಿಲ್ಲ, ಅಂತರ ಇಡಂಗಿಲ್ಲ. ಅವಕ್ಕ ಬಂದ್ರ ಮುದುಕ್ರಿಗೆ ಹತ್ತತೈತಿ. ಎರಡನೇ ಸಲ ಬಂದಾಗ ಎಷ್ಟು ಮಂದಿ ಮಾಸ್ತರರನ್ನ ಕಳಕೊಂಡ್ವಿ. ನಾ ಆಗ ಕಳಸು ಅಂದಿದ್ರೂ ಕಳಸತಿರಲಿಲ್ಲ.

ಮಗಳು: ನಿನ್ನ ಹೆದರಿಕಿ ಖರೆ. 2021ರ ಏಪ್ರಿಲ್, ಮೇದಾಗ ತೆರೀರಿ ಅಂತ ಯಾರೂ ಹೇಳಂಗಿಲ್ಲ. ಆದ್ರ ನಡುವ ರೋಗ ಇಳದ ತಿಂಗಳು ಇದ್ವು. ಡೆನ್ಮಾರ್ಕ್ ದೇಶದಾಗ 2020ರ ಏಪ್ರಿಲ್ 15ಕ್ಕನ ಸಾಲಿ ತೆರದ್ರು, ಅದೂ ಸಣ್ಣ ಮಕ್ಕಳ ಸಾಲಿ ಮೊದಲು. ದೊಡ್ಡವರು ಮನ್ಯಾಗ ಕುಂತು ಓದತಾರ, ಸಣ್ಣವರಿಗೆ ಅದು ಆಗಂಗಿಲ್ಲ ಅಂತ ಅವರ ಲೆಕ್ಕ. ಅವರ ಸಾಲ್ಯಾಗ ಜಾಗಾ ಐತಿ, ನೀರು ಐತಿ, ನಮ್ಮಲ್ಲಿ ಇಲ್ಲ ಅಂತೀ, ಒಪ್ಪತೇನಿ. ಹಂಗಿದ್ರ ವಿದ್ಯಾಗಮಕ್ಕ ಇನ್ನಷ್ಟು ಮಂದಿ, ಇನ್ನಷ್ಟು ಕಟ್ಟಿ ಕೊಟ್ಟು ಅದನ್ನ ಉಳಿಸಬೇಕಿತ್ತು. ಬಯಲಾಗ ಕುಂದರಿಸಿ ಕಲಸೋದಕ್ಕಿಂತ ಕಮ್ಮಿ ಅಪಾಯದ್ದು ಯಾವುದಿತ್ತು? ನಾವು ಪರೀಕ್ಷಾ ಇದ್ದವರನ್ನ ಮೊದಲು ನೋಡಿದ್ವಿ. ಒಂದನೇತ್ತ ಮಗುವಿಗೆ ಬೋರ್ಡ್ ಪರೀಕ್ಷಾ ಇಲ್ಲ, ಅದು ಬೀದ್ಯಾಗ ಬಂದು ಕೂಗಂಗಿಲ್ಲ, ರಾಟಿ ಮುಂದ ಕುಂದರಸಿದ್ರ ಕುಂದರತೈತಿ. ಸುಮ್ಮನ ಇತ್ತು, ಅದಕ್ಕ ಕಡೀಗೆ ಬಂತು.

ತಾಯಿ: ನೀನೂ ಕಳಕೊಂಡಿದ್ದಿ ಅಂತೀಯೇನು?

ಮಗಳು: ನಾ ಪಾಸಾದೆ. 2021ರ ಜುಲೈ 19, 22, ಎರಡ ದಿನದಾಗ ಎಸ್ಸೆಸ್ಸೆಲ್ಸಿ ಮುಗೀತು, ಬರೀ ಸರಿ ಉತ್ತರ ಗುರುತಿಸೋದು. ಇಡೀ ರಾಜ್ಯದಾಗ ಒಬ್ಬರನ್ನ ಬಿಟ್ಟು ಎಲ್ಲಾರೂ ಪಾಸು. ನನ್ನ ಬಾಜೂಕ ಕುಂದರತಿದ್ದ ಗೆಳತಿ ಆ ಪರೀಕ್ಷಾಕ್ಕೂ ಬರಲಿಲ್ಲ. ಲಗ್ನಕ್ಕ ಐವತ್ತು ಮಂದಿ ಅಷ್ಟ ಅಂತ ಸರಕಾರ ಹೇಳಿತ್ತಲ್ಲ, ಊಟದ ಖರ್ಚು ಉಳೀತೈತಿ, ಸಾಲಿ ಹೆಂಗೂ ಇಲ್ಲ, ಹುಡುಗಿ ಮನ್ಯಾಗನ ಅದಾಳ ಅಂತ ಹಿರಿಯರು ಮುಗಿಸಿಬಿಟ್ರು. ಹದಿನೈದು ವರ್ಷ ಅಕೀಗೆ. ಅಕೀನೂ ಹೊಂದಿಕೊಂಡ್ಲು ಅಂತ ನೀವೆಲ್ಲ ಮಾತಾಡಿದ್ರಿ. ನಾ ಆ ಮಾತನ್ನ ಮತ್ತ ಕೇಳಾಕ ತಯಾರಿಲ್ಲ.

ತಾಯಿ: ಅಕೀ ಅವ್ವ ಆಮ್ಯಾಲ ನನ್ನ ಮುಂದ ಅತ್ತಾಳ. ಅದನ್ನ ನೀ ನೋಡಿಲ್ಲ.

ಮಗಳು: ಅತ್ತಿರಬೇಕು.

ತಾಯಿ: ಹುಡುಗನ ಮಾತಿಗೆ ಬಾ. ಅಕ್ಟೋಬರಿನ್ಯಾಗ ಸಾಲಿಗೆ ಹೋದ, ಮೂರನೇ ಇಯತ್ತೆ ಅಂದ್ರು. ಎರಡನೇತ್ತ ತನ್ನ ಸಾಲಿ ಮಾಸ್ತರರ ಮುಖಾನೇ ನೋಡದವ. ಹಂಗ ಮುಂದ ಮುಂದ ಹೋದ. ಒಂದ ದಿನಾನೂ ಸಾಲಿ ಬ್ಯಾಡ ಅನ್ನಲಿಲ್ಲ. ಗದ್ದಲಿಲ್ಲ, ಜಗಳಿಲ್ಲ ಅಂತ ಮಾಸ್ತರರು ಹೊಗಳಿದ್ರು. ನಾ ನಂಬಿದೆ.

ಮಗಳು: ಅವ ಹಿಂದಿನ ಸಾಲಿನ್ಯಾಗ ಕುಂತು, ಮುಂದಿನವ ಬರದದ್ದು ನೋಡಿ ಬರೀತಿದ್ದ. ಅಕ್ಷರ ದುಂಡಗ ಇದ್ವು, ನೋಡಿದವರು ಓದಾಕ ಬರತೈತಿ ಅನಕೊಂಡ್ರು. ಮಗ್ಗದ ಮುಂದ ಕಲತ ಕೈ ಅದು, ನೋಡಿದ್ದನ್ನ ಹಂಗ ಇಳಸತೈತಿ. 2022-23ನ್ನ ಕಲಿಕಾ ಚೇತರಿಕೆ ವರ್ಷ ಅಂತ ಮಾಡಿ, ಹಿಂದಿನದನ್ನ ಮತ್ತ ಕಲಸ್ರಿ ಅಂತ ಹಾಳಿ ಕೊಟ್ರು. ಖರೇನ ದುಡಿದ ಮಾಸ್ತರರು ಅದಾರ, ಅವರ ಕೈಗೆ ಸಿಕ್ಕ ಮಕ್ಕಳು ಮ್ಯಾಲ ಬಂದಾವು. ಆದ್ರ ಒಂದು ವರ್ಷ ಅಷ್ಟ. ಆಮ್ಯಾಲ ಪಾಠ ಮುಂದಕ್ಕ ಹೋತು, ಹಾಳೀನೂ ಹೋತು. ಎಷ್ಟು ದಿನ ಮುಚ್ಚಿದ್ರೋ ಅಷ್ಟು ದಿನನಾರ ತಿರುಗಿ ಕಲಸೋದು ಬ್ಯಾಡೇನು?

ತಾಯಿ: ಕೊಂಡಿ ಹಾಕೋ ಮುಂದ ಹತ್ತು ಎಳಿ ಬಿಟ್ರ ಅಲ್ಲಿ ಗೊತ್ತಾಗಂಗಿಲ್ಲ. ನೇಯಿಗಿ ಸೆರಗಿಗೆ ಬಂದಾಗ ಗೊತ್ತಾಗತೈತಿ. ಆಗ ಬಿಚ್ಚಿ ಎಳಿ ಹುಡಕಬೇಕು, ಬ್ಯಾರೆ ದಾರಿ ಇಲ್ಲ.

ಮಗಳು: ಹುಡಕೋಣು ಮತ್ತ. ನಾ ಶನಿವಾರ ಭಾನುವಾರ ಮನೀಗೆ ಬಂದಾಗ ಒಂದು ತಾಸು ಅವನ ಜೋಡಿ ಕುಂದರತೇನಿ. ಉಳದ ದಿನ ನೀ ಕುಂದರು.

ತಾಯಿ: ನನಗೇನು ಬರತೈತಿ ಕಲಸಾಕ?

ಮಗಳು: ಕಲಸೋದು ಬ್ಯಾಡ, ಕೇಳು. ನೀ ಕಂಡಿಕೆ ಸುತ್ತತಿರು, ಅವ ಬಾಜೂಕ ಕುಂತು ಗಟ್ಟಿಯಾಗಿ ಓದಲಿ. ಪಠ್ಯ ಆಗಬೇಕಂತಿಲ್ಲ, ಪೇಪರ್ ಆಗಲಿ, ರೇಷನ್ ಚೀಟಿ ಹಿಂದಿನ ಬರಹ ಆಗಲಿ. ನಿಂತಲ್ಲಿ ಬೈಬ್ಯಾಡ. ಯಾವ ಅಕ್ಷರಕ್ಕ ನಿಂತ ಅನ್ನೋದನ್ನ ಅವನ ಕೈಲೇನ ಒಂದು ವಹಿಯಾಗ ಬರಸು. ಮರುದಿನ ಅದನ್ನ ಮತ್ತ ಓದಸು. ತಿಂಗಳಿಗೊಮ್ಮೆ ಆ ವಹಿ ಒಯ್ದು ಮಾಸ್ತರರಿಗೆ ತೋರಸು. ನಮ್ಮ ಹುಡುಗ ಇಲ್ಲಿ ನಿಂತಾನ, ಇಲ್ಲಿಂದ ಕಲಸ್ರಿ ಅಂತ ಬಾಯಿಬಿಟ್ಟು ಕೇಳು. ಅವರು ಇಲ್ಲ ಅನ್ನಂಗಿಲ್ಲ. ಇಷ್ಟು ದಿನ ಅವರಿಗೂ ಯಾರೂ ಹೇಳಿಲ್ಲ.

ತಾಯಿ: ನಮ್ಮ ಓಣ್ಯಾಗ ಅವನ ವಾರಗಿಯವು ಇನ್ನ ಆರೇಳು ಅದಾವು. ಎಲ್ಲಾ ನೇಕಾರ್ರ ಮನೀವು.

ಮಗಳು: ಅವರ ತಾಯಂದಿರಿಗೂ ಹೇಳು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸಭಾಕ್ಕ ಎಲ್ಲಾರೂ ಕೂಡಿ ಹೋಗ್ರಿ, 2020ರಾಗ ಒಂದರಿಂದ ಐದರ ತನಕ ಇದ್ದು ಇನ್ನೂ ಸಾಲ್ಯಾಗ ಇರೋ ಮಕ್ಕಳ ಹೆಸರು ಬರಕೊಂಡು ಹೋಗ್ರಿ, ಅವರಿಗೆ ದಿನಕ್ಕ ಒಂದು ತಾಸು ಓದಿಸೋ ವ್ಯವಸ್ಥಾ ಆಗಬೇಕಂತ ಠರಾವು ಬರಸ್ರಿ. ಬಾಗಲಕೋಟಿ, ಬಾದಾಮಿ, ಹುನಗುಂದ, ಎಲ್ಲಾ ಊರಾಗೂ ಆ ಮಕ್ಕಳು ಅದಾರ. ಹತ್ತನೇತ್ತ ಪರೀಕ್ಷಾ ಬರೋ ತನಕ ಕಾದ್ರ ಹೊತ್ತು ಮೀರತೈತಿ. ಈ ವಾರದಾಗ ಚಾಲೂ ಮಾಡ್ರಿ.